ಬಂದವರು ಬರೆದಿಟ್ಟ ದ್ವೀಪ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಹೊರ ಹೆಬ್ರಿಡೀಸ್ ಎಂಬ ದ್ವೀಪಸಾಲು ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಆ ಸಾಲನ್ನೂ ದಾಟಿ, ನಾರ್ತ್ ಯೂಸ್ಟ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ, ತೆರೆದ ಅಟ್ಲಾಂಟಿಕ್ ಸಾಗರದ ನಡುವೆ, ಪ್ರಾಚೀನ ಜ್ವಾಲಾಮುಖಿಯೊಂದರ ಅಳಿದುಳಿದ ಅಂಚಿನ ಹಾಗೆ ನಿಂತಿರುವ ಹಿರ್ತಾ, ಡೂನ್, ಸೋಯ್, ಬೋರೆರೆ ಎಂಬ ನಾಲ್ಕು ದ್ವೀಪಗಳನ್ನೂ, ಅವುಗಳ ಸುತ್ತ ನೀರಿನಿಂದ ನೇರ ಮೇಲೆದ್ದಿರುವ ಕಡಿದಾದ ಒಂಟಿ ಬಂಡೆಗಳನ್ನೂ ಸೇರಿಸಿ ಸೇಂಟ್ ಕಿಲ್ಡಾ ಎನ್ನುತ್ತಾರೆ. ಈ ಒಂಟಿ ಬಂಡೆಗಳಿಗೆ ಅಲ್ಲಿನವರ ಮಾತಿನಲ್ಲಿ ಸ್ಟಾಕ್ ಎಂದು ಹೆಸರು. ಅವುಗಳಲ್ಲಿ ಎಲ್ಲಕ್ಕೂ ಎತ್ತರವಾದ ಸ್ಟಾಕ್ ಅನ್ ಆರ್ಮಿನ್ ಸಮುದ್ರಮಟ್ಟದಿಂದ 196 ಮೀಟರ್ ಏರುತ್ತದೆ. ಹಿರ್ತಾ ದ್ವೀಪದ ಕೊನಾಹರ್ ಬೆಟ್ಟವು 430 ಮೀಟರ್ ಎತ್ತರವಿದ್ದು, ಅದರ ಉತ್ತರದ ಮೈ ಗೋಡೆಯಂತೆ ಕಡಲಿಗೆ ಇಳಿಯುತ್ತದೆ. ವಿಚಿತ್ರವೆಂದರೆ ಕಿಲ್ಡಾ ಎಂಬ ಹೆಸರಿನ ಸಂತ ಯಾರೂ ಇರಲಿಲ್ಲ. ನಾವಿಕರು ನಕ್ಷೆಯ ಮೇಲೆ ತಪ್ಪಾಗಿ ಬರೆದುಕೊಂಡ ಯಾವುದೋ ನಾರ್ಸ್ ಪದ ಕಾಲಕ್ರಮದಲ್ಲಿ ಸಂತನಾಯಿತೆಂದು ವಿದ್ವಾಂಸರು ಊಹಿಸುತ್ತಾರೆ. ದ್ವೀಪದಲ್ಲಿ ಹುಟ್ಟಿದವರು ತಮ್ಮ ನೆಲವನ್ನು ಹಿರ್ತಾ ಎಂದೇ ಕರೆಯುತ್ತಿದ್ದರು. ಹೊರಗಿನವರು ಇಟ್ಟ ಹೆಸರೇ ಜಗತ್ತಿನಲ್ಲಿ ನಿಂತದ್ದು ಈ ದ್ವೀಪದ ಚರಿತ್ರೆಗೆ ಒಪ್ಪುವ ಆರಂಭವೇ ಆಗಿದೆ.

ಹಿರ್ತಾದಲ್ಲಿ ಮನುಷ್ಯರು ಕೆಲವು ಸಾವಿರ ವರ್ಷಗಳಿಂದ ವಾಸಿಸಿದ್ದರು ಎಂಬುದಕ್ಕೆ ಕಲ್ಲಿನ ಉಪಕರಣಗಳು, ನೆಲದೊಳಗಿನ ಕಲ್ಲುಗೂಡು, ವೈಕಿಂಗರ ಕಾಲದ ಒಡವೆಗಳು ಸಾಕ್ಷಿಯಾಗಿವೆ. ಆದರೆ ಆ ಜನ ಗೇಲಿಕ್ ಭಾಷೆಯನ್ನು ಆಡಿದರೇ ಹೊರತು ತಮ್ಮ ವಿಷಯವನ್ನು ಬರೆದಿಡಲಿಲ್ಲ. ಅವರ ಹಾಡು, ಹರಕೆ, ಜಗಳ, ಲೆಕ್ಕ ಎಲ್ಲವೂ ಬಾಯಿಂದ ಬಾಯಿಗೆ ಸಾಗಿದವು. ಹೀಗಾಗಿ ಈ ದ್ವೀಪದ ಬಗ್ಗೆ ಇಂದು ದೊರೆಯುವ ಬರಹಗಳಲ್ಲಿ ಬಹುಪಾಲು ಅಲ್ಲಿಗೆ ಕೆಲವು ಗಂಟೆ, ಕೆಲವು ದಿನ, ಹೆಚ್ಚೆಂದರೆ ಕೆಲವು ವರ್ಷ ಹೋಗಿಬಂದವರ ಬರಹಗಳು. ಸಣ್ಣ ಜನಸಂಖ್ಯೆಯ ಇಷ್ಟು ಚಿಕ್ಕ ನೆಲದ ಮೇಲೆ ಇಷ್ಟೊಂದು ಪುಸ್ತಕಗಳು ಹುಟ್ಟಿರುವುದು ಅಪರೂಪ. ಅವುಗಳಲ್ಲಿ ಬಹುತೇಕ ಎಲ್ಲವೂ ದ್ವೀಪದ ಏಕಾಂತವನ್ನು ವರ್ಣಿಸುತ್ತವೆ, ಆದರೆ ಅವುಗಳ ಸಂಖ್ಯೆಯೇ ಆ ಏಕಾಂತದ ಮಾತನ್ನು ಸಂಶಯಕ್ಕೆ ಒಡ್ಡುತ್ತದೆ. 17ನೆಯ ಶತಮಾನದಿಂದ ಈಚೆಗೆ ಹಿರ್ತಾದ ಇತಿಹಾಸವೆಂದರೆ, ಸೂಕ್ಷ್ಮವಾಗಿ ನೋಡಿದರೆ, ಅಲ್ಲಿಗೆ ಯಾರು ಬಂದರು, ಏನು ತಂದರು, ಏನು ಕೊಂಡೊಯ್ದರು ಎಂಬುದರ ಇತಿಹಾಸವೇ.

ಈ ಸಾಲಿನಲ್ಲಿ ಮೊದಲು ನಿಲ್ಲುವವನು ಮಾರ್ಟಿನ್ ಮಾರ್ಟಿನ್. ಈತ ಸ್ಕೈ ದ್ವೀಪದವನು, ಗೇಲಿಕ್ ಈತನ ಮನೆಮಾತು. 1697ರ ಬೇಸಿಗೆಯಲ್ಲಿ ಜಾನ್ ಕ್ಯಾಂಪ್‌ಬೆಲ್ ಎಂಬ ಪಾದ್ರಿಯೊಡನೆ ತೆರೆದ ದೋಣಿಯಲ್ಲಿ ಹೊರಟು, ಬಿರುಗಾಳಿಗೆ ಸಿಕ್ಕಿ, ಕೊನೆಗೂ ಹಿರ್ತಾ ತಲುಪಿ, ಸುಮಾರು ಮೂರು ವಾರ ಅಲ್ಲಿದ್ದು, ಮರುವರ್ಷ ತನ್ನ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದನು. ಪಾದ್ರಿ ಹೋದದ್ದು ರೊಡೆರಿಕ್ ಎಂಬ ಸ್ಥಳೀಯನೊಬ್ಬನನ್ನು ವಿಚಾರಿಸಿಕೊಳ್ಳಲು. ಆತ ತನಗೆ ಸ್ನಾನಿಕ ಯೋಹಾನನ ದರ್ಶನವಾಗಿದೆಯೆಂದು ಹೇಳಿಕೊಂಡು ಹೊಸ ಉಪವಾಸ, ಹೊಸ ನೇಮಗಳನ್ನು ಜನರ ಮೇಲೆ ಹೇರಿದ್ದನು. ಮಾರ್ಟಿನ್ ಕಂಡಾಗ ಹಿರ್ತಾದಲ್ಲಿ ಸುಮಾರು 180 ಜನರಿದ್ದರು. ಅವನ ನಂತರ ಬಂದವರಲ್ಲಿ ಬಹುಮಂದಿ ಭಾಷೆ ತಿಳಿಯದೆ ದುಭಾಷಿಯ ಮೂಲಕ ಅಥವಾ ಕೈಸನ್ನೆಯಲ್ಲಿ ವ್ಯವಹರಿಸಿದವರಾದ್ದರಿಂದ, ಜನರ ಮಾತನ್ನು ನೇರವಾಗಿ ಕೇಳಿ ಬರೆದ ಈ ಮೊದಲ ಪುಸ್ತಕವೇ ಹಲವು ವಿಷಯಗಳಲ್ಲಿ ಇಂದಿಗೂ ಹೆಚ್ಚು ನಂಬಿಕೆಗೆ ಯೋಗ್ಯವಾಗಿದೆ.

ಮಾರ್ಟಿನ್ ವರ್ಣಿಸಿದ ಸಮಾಜ ಹಕ್ಕಿಗಳ ಮೇಲೆ ನಿಂತಿತ್ತು. ಬಾರ್ಲಿ, ಓಟ್ಸ್ ಅಷ್ಟಿಷ್ಟು ಬೆಳೆಯುತ್ತಿದ್ದರೂ, ಕುರಿ ದನಗಳಿದ್ದರೂ, ಕಡಲು ಸದಾ ಉಕ್ಕುತ್ತಿದ್ದುದರಿಂದ ಮೀನುಗಾರಿಕೆ ಅಲ್ಲಿ ಎರಡನೆಯ ಮಾತು. ಜನ ತಿಂದದ್ದು ಬಂಡೆಗಳಲ್ಲಿ ಗೂಡುಕಟ್ಟುವ ಗ್ಯಾನೆಟ್, ಫುಲ್ಮರ್, ಪಫಿನ್ ಎಂಬ ಕಡಲಹಕ್ಕಿಗಳನ್ನು ಮತ್ತು ಅವುಗಳ ಮೊಟ್ಟೆಗಳನ್ನು. ಹಿಂದಿನ ವರ್ಷ ಇಡೀ ದ್ವೀಪ ತಿಂದ ಗ್ಯಾನೆಟ್‌ಗಳ ಸಂಖ್ಯೆಯನ್ನು ಮನೆಮನೆಗೆ ವಿಚಾರಿಸಿ ಕೂಡಿದಾಗ 22,600 ಆಯಿತೆಂದು ಆತ ಬರೆಯುತ್ತಾನೆ. ಗಂಡಸರು ಹಗ್ಗ ಕಟ್ಟಿಕೊಂಡು ಬಂಡೆಗಳ ಮುಖದಲ್ಲಿ ಇಳಿದು, ಉದ್ದ ಕೋಲಿನ ತುದಿಯ ಕುಣಿಕೆಯಿಂದ ಹಕ್ಕಿಗಳನ್ನು ಹಿಡಿಯುತ್ತಿದ್ದರು; ಹಗ್ಗವೇ ಕುಟುಂಬದ ಅತಿ ಬೆಲೆಬಾಳುವ ಆಸ್ತಿ. ಫುಲ್ಮರ್ ತನ್ನ ಹೊಟ್ಟೆಯಲ್ಲಿ ಸಂಗ್ರಹಿಸಿಕೊಳ್ಳುವ ಎಣ್ಣೆಯನ್ನು ದೀಪಕ್ಕೂ ಔಷಧಿಗೂ ಬಳಸಿದರು. ಹಿಡಿದ ಹಕ್ಕಿಗಳನ್ನು ಕ್ಲೀಟ್ ಎಂಬ ಗೂಡುಗಳಲ್ಲಿ ಒಣಗಿಸಿಡುತ್ತಿದ್ದರು. ಕ್ಲೀಟ್ ಎಂದರೆ ಗಾರೆಯಿಲ್ಲದೆ ಕಲ್ಲು ಜೋಡಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿದ ಪುಟ್ಟ ಕಣಜ. ಕಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಮಳೆ ಒಳಗೆ ಬರುವುದಿಲ್ಲ. ಉಪ್ಪು ದುರ್ಲಭವಾದ ಊರಿನಲ್ಲಿ ಗಾಳಿಯನ್ನೇ ಉಪ್ಪಾಗಿಸಿಕೊಂಡ ಈ ಜಾಣತನದ ಗುರುತಾಗಿ ಹಿರ್ತಾ ಒಂದರಲ್ಲೇ 1,200ಕ್ಕೂ ಹೆಚ್ಚು ಕ್ಲೀಟ್‌ಗಳು ಇಂದಿಗೂ ನಿಂತಿವೆ.

ದ್ವೀಪ ಮ್ಯಾಕ್ಲೌಡ್ ಎಂಬ ಮನೆತನದ ಒಡೆತನದಲ್ಲಿತ್ತು, ಆದರೆ ಒಡೆಯ ಬರುತ್ತಿದ್ದುದು ವಿರಳ; ಅವನ ಪರವಾಗಿ ಪ್ರತಿ ಬೇಸಿಗೆಯಲ್ಲಿ ಒಬ್ಬ ಪಾರುಪತ್ಯಗಾರ ಗೇಣಿ ವಸೂಲಿಗೆ ಬರುತ್ತಿದ್ದನು. ಗೇಣಿ ನಾಣ್ಯದಲ್ಲಲ್ಲ, ಗರಿ, ಎಣ್ಣೆ, ಧಾನ್ಯ, ಉಣ್ಣೆ, ಕುರಿಗಳ ರೂಪದಲ್ಲಿ ಸಲ್ಲುತ್ತಿತ್ತು. ಪಾರುಪತ್ಯಗಾರ ಒಬ್ಬನೇ ಬರುವವನಲ್ಲ. ಅವನ ಹಿಂದೆ 40, 50, ಕೆಲವೊಮ್ಮೆ 60 ಜನರ ಪರಿವಾರ. ಅವರಲ್ಲಿ ಹೊರಗಿನ ದ್ವೀಪಗಳಲ್ಲಿ ಚಳಿಗಾಲ ಕಳೆದು ಬಡಕಲಾದವರನ್ನೂ ಸೇರಿಸಿಕೊಂಡು, ಹಿರ್ತಾದ ಮೊಟ್ಟೆ ಮಾಂಸ ತಿನ್ನಿಸಿ ಮೈದುಂಬಿಸಿ ಕರೆದೊಯ್ಯುವ ವಾಡಿಕೆಯಿತ್ತೆಂದು ಮಾರ್ಟಿನ್ ಹೇಳುತ್ತಾನೆ. ಜನ ಈ ಬಿಟ್ಟಿ ಊಟದ ಭಾರವನ್ನು ಸುಮ್ಮನೆ ಹೊತ್ತವರಲ್ಲ, ವಾದಿಸಿ ಪರಿವಾರದ ಸಂಖ್ಯೆಯನ್ನು ತಗ್ಗಿಸಿಕೊಂಡಿದ್ದರು. ಮಾರ್ಟಿನ್‌ನ ಗುಂಪಿಗೂ ಅದೇ ಲೆಕ್ಕದ ಆತಿಥ್ಯ ದೊರೆಯಿತು: ತಲೆಗೆ ದಿನಕ್ಕೆ ಒಂದು ಬಾರ್ಲಿ ರೊಟ್ಟಿ, 18 ಮೊಟ್ಟೆ. ಮೂರು ವಾರಗಳಲ್ಲಿ ಅತಿಥಿಗಳು ಸುಮಾರು 16,000 ಮೊಟ್ಟೆಗಳನ್ನು ಮುಗಿಸಿದರು. ಇಷ್ಟು ಸಂಖ್ಯೆಯನ್ನು ಆತ ಲಜ್ಜೆಯಿಲ್ಲದೆ ದಾಖಲಿಸಿರುವುದು, ಆ ಕಾಲದ ಓದುಗನಿಗೆ ಅದು ದ್ವೀಪದ ಸಮೃದ್ಧಿಯ ಪುರಾವೆಯಾಗಿ ಕಂಡಿರಬೇಕೆಂಬುದನ್ನು ಸೂಚಿಸುತ್ತದೆ; ಮೊಟ್ಟೆ ತರಲು ಬಂಡೆಯಿಳಿದವರ ಕಡೆಯ ಲೆಕ್ಕವನ್ನು ಯಾರೂ ಬರೆಯಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಆಗ ಇಡೀ ದ್ವೀಪಕ್ಕೆ ಬೆಂಕಿ ಹೊತ್ತಿಸುವ ಉಕ್ಕಿನ ತುಂಡು ಒಂದೇ ಇತ್ತು. ಹಕ್ಕಿಬೇಟೆಗೆ ಬೋರೆರೆಯಂಥ ಪಕ್ಕದ ದ್ವೀಪಗಳಿಗೆ ಹೋದಾಗ ಅದರ ಒಡೆಯ ಬೆಂಕಿ ಹೊತ್ತಿಸಿಕೊಟ್ಟು, ಪ್ರತಿಯೊಬ್ಬನಿಂದ ಮೂರು ಮೊಟ್ಟೆ ಅಥವಾ ಒಂದು ಸಣ್ಣ ಹಕ್ಕಿಯನ್ನು ಪಡೆಯುತ್ತಿದ್ದನು. ಇದಕ್ಕೆ ಬೆಂಕಿಕಾಸು ಎಂಬ ಅರ್ಥದ ಹೆಸರಿತ್ತು. ಅಡುಗೆ ಪಾತ್ರೆ ಒದಗಿಸಿದವನಿಗೆ ಸಲ್ಲುವ ಪಾತ್ರೆಕಾಸು ಬೇರೆ. ದ್ವೀಪದ ಬಂಡೆಗಳಲ್ಲೇ ಸಿಗುವ ಸ್ಫಟಿಕದ ಕಲ್ಲನ್ನು ಚಾಕುವಿನ ಬೆನ್ನಿಗೆ ಉಜ್ಜಿದರೆ ಕಿಡಿ ಹಾರುತ್ತದೆಂದು ಮಾರ್ಟಿನ್ ತೋರಿಸಿಕೊಟ್ಟನು, ಮತ್ತು ಬೆಂಕಿಕಾಸು ಅಲ್ಲಿಗೆ ನಿಂತಿತು. ಉಕ್ಕಿನ ಒಡೆಯನಿಗೆ ಆದ ಬೇಸರ ಸಹಜವೇ. ಚಿಕ್ಕ ಘಟನೆಯಾದರೂ, ಹೊರಗಿನವನ ಒಂದು ಮಾತಿನಿಂದ ಒಳಗಿನ ಒಂದು ವ್ಯವಸ್ಥೆ ಕಳಚಿಬಿದ್ದ ಮೊದಲ ದಾಖಲೆ ಇದು.

ಬಂದವರು ತಂದದ್ದರಲ್ಲಿ ಕಣ್ಣಿಗೆ ಕಾಣದ್ದೂ ಇತ್ತು. ದೋಣಿ ಬಂದ ಕೆಲವೇ ದಿನಗಳಲ್ಲಿ ಊರಿಗೆ ಊರೇ ನೆಗಡಿ ಕೆಮ್ಮಿನಿಂದ ಮಲಗುತ್ತದೆಂದು ಜನ ಹೇಳುತ್ತಿದ್ದರು. ಗೇಲಿಕ್‌ನಲ್ಲಿ ಅದನ್ನು ಪರಸ್ಥಳದವರ ನೆಗಡಿ ಎಂಬರ್ಥದ ಮಾತಿನಿಂದ ಕರೆದರು. ಈ ಮಾತನ್ನು ಮಾರ್ಟಿನ್ ಬರೆದನು, 1758ರಲ್ಲಿ ಅಲ್ಲಿಗೆ ಹೋದ ಪಾದ್ರಿ ಕೆನೆತ್ ಮೆಕಾಲೆ ತನ್ನ 1764ರ ಪುಸ್ತಕದಲ್ಲಿ ಮತ್ತೆ ಬರೆದನು, ಮತ್ತು ಲಂಡನ್ನಿನಲ್ಲಿ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಅದನ್ನು ನಂಬಲು ಸಿದ್ಧನಿರಲಿಲ್ಲ. ಒಬ್ಬ ವಿದ್ವಾಂಸ ಇದಕ್ಕೆ ಅಚ್ಚುಕಟ್ಟಾದ ಸಮಾಧಾನ ಹೇಳಿದನು: ಹಿರ್ತಾದಲ್ಲಿ ದೋಣಿ ದಡಮುಟ್ಟಬೇಕಾದರೆ ಈಶಾನ್ಯದ ಗಾಳಿ ಬೀಸಬೇಕು, ಆ ತಣ್ಣನೆಯ ಗಾಳಿಯೇ ನೆಗಡಿಗೆ ಕಾರಣ, ಅತಿಥಿಯಲ್ಲ. ರೋಗಾಣುಗಳ ಜ್ಞಾನವಿಲ್ಲದ ಕಾಲದಲ್ಲಿ ಈ ತರ್ಕ ಮೆಚ್ಚುಗೆ ಪಡೆಯಿತು. ವರ್ಷವಿಡೀ ಹೊರಗಿನ ಸೋಂಕಿಗೆ ಒಡ್ಡಿಕೊಳ್ಳದ ಸಣ್ಣ ಸಮುದಾಯಕ್ಕೆ ಹೊಸಬರ ಮಾಮೂಲಿ ನೆಗಡಿಯೂ ಭಾರವಾಗುತ್ತದೆ ಎಂದು ಇಂದಿನ ವೈದ್ಯಶಾಸ್ತ್ರ ಒಪ್ಪುತ್ತದೆ. ಅಕ್ಷರ ಬಾರದವರ ಅನುಭವವೇ ಪಂಡಿತರ ತರ್ಕಕ್ಕಿಂತ ಸರಿಯಾಗಿತ್ತು.

ನೆಗಡಿಯಲ್ಲಿ ಮುಗಿಯದ ವರ್ಷವೂ ಒಂದಿತ್ತು. 1727ರಲ್ಲಿ ಹ್ಯಾರಿಸ್ ದ್ವೀಪದಲ್ಲಿ ಸಿಡುಬಿನಿಂದ ಸತ್ತ ಹಿರ್ತಾದವನೊಬ್ಬನ ಬಟ್ಟೆಗಳನ್ನು ಊರಿಗೆ ತಂದರೆಂದೂ, ಅದರೊಂದಿಗೆ ರೋಗವೂ ಬಂದು ದ್ವೀಪದ ಬಹುಪಾಲು ಜನರನ್ನು ಕೊಂದಿತೆಂದೂ ಪರಂಪರೆಯ ವಿವರಣೆ ಹೇಳುತ್ತದೆ. ಅದೇ ಆಗಸ್ಟ್‌ನಲ್ಲಿ ಮೂವರು ಗಂಡಸರು ಮತ್ತು ಎಂಟು ಹುಡುಗರು ಗ್ಯಾನೆಟ್ ಬೇಟೆಗಾಗಿ ಸ್ಟಾಕ್ ಅನ್ ಆರ್ಮಿನ್ ಬಂಡೆಗೆ ಹೋಗಿದ್ದರು. ಅವರನ್ನು ಕರೆತರಲು ದೋಣಿ ನಡೆಸುವಷ್ಟು ಗಂಡಸರು ಊರಿನಲ್ಲಿ ಉಳಿಯಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಪಾರುಪತ್ಯಗಾರನ ದೋಣಿ ಬರುವವರೆಗೆ ಆ ಹನ್ನೊಂದು ಮಂದಿ ಚಳಿಗಾಲವನ್ನೆಲ್ಲ ಆ ಬಂಡೆಯ ಮೇಲೆ ಹಕ್ಕಿ ಮೀನು ತಿಂದು ಕಳೆದರು. ಇಳಿದುಬಂದಾಗ ಊರು ಬಹುತೇಕ ಬರಿದಾಗಿತ್ತು. ಗೇಣಿ ನಿಲ್ಲಬಾರದೆಂದು ಒಡೆಯ ಹ್ಯಾರಿಸ್ ಮತ್ತಿತರ ದ್ವೀಪಗಳಿಂದ ಹೊಸ ಕುಟುಂಬಗಳನ್ನು ತಂದು ನೆಲೆಗೊಳಿಸಿದನು. ಅನಾದಿ ಕಾಲದಿಂದ ಹೊರಸಂಪರ್ಕವಿಲ್ಲದೆ ಉಳಿದ ಬುಡಕಟ್ಟು ಎಂದು 19ನೆಯ ಶತಮಾನದ ಪ್ರವಾಸಿಗರು ಬೆರಗುಪಟ್ಟು ನೋಡಿದ ಜನ, ಹೆಚ್ಚಿನಂಶ, ಹೀಗೆ ನೂರೈವತ್ತು ವರ್ಷಗಳ ಹಿಂದೆಯಷ್ಟೇ ದೋಣಿಯಲ್ಲಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು.

ಬಲವಂತದ ಅತಿಥಿಯೊಬ್ಬಳೂ ಈ ಪಟ್ಟಿಯಲ್ಲಿದ್ದಾಳೆ. ಎಡಿನ್‌ಬರೋದ ನ್ಯಾಯಾಧೀಶ ಲಾರ್ಡ್ ಗ್ರೇಂಜ್‌ನ ಹೆಂಡತಿ, ಲೇಡಿ ಗ್ರೇಂಜ್ ಎಂದೇ ಹೆಸರಾದ ರೇಚಲ್ ಚೀಸ್ಲಿ, ಗಂಡನ ರಾಜದ್ರೋಹದ ನಂಟುಗಳನ್ನು ಬಯಲು ಮಾಡುವೆನೆಂದು ಬೆದರಿಸಿದಳು. ಅವನು ಅವಳನ್ನು ಅಪಹರಿಸಿ, ಊರಿನಲ್ಲಿ ಸತ್ತಳೆಂದು ನಂಬಿಸಿ, 1734ರಿಂದ 1740ರವರೆಗೆ ಹಿರ್ತಾದಲ್ಲಿ ಇರಿಸಿದನು. ಬೇರೆಯವರಿಗೆ ಜೀವನವಾಗಿದ್ದ ಸ್ಥಳ ರಾಜಧಾನಿಯ ಕಣ್ಣಿಗೆ ಸೆರೆಮನೆಯಾಗಿ ಕಂಡಿತ್ತು. 1746ರಲ್ಲಿ ಕಲೋಡನ್ ಕದನದಲ್ಲಿ ಸೋತ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಅಲ್ಲಿ ಅಡಗಿರಬಹುದೆಂದು ಸೈನಿಕರು ಬಂದಿಳಿದಾಗ, ಗುಹೆಗಳಿಗೆ ಓಡಿಹೋದ ಜನರಿಗೆ ಆ ರಾಜಕುಮಾರನ ಹೆಸರೂ, ಅವನ ವೈರಿಯಾದ ಜಾರ್ಜ್ ದೊರೆಯ ಹೆಸರೂ ತಿಳಿದಿರಲಿಲ್ಲವೆಂದು ಹೇಳಲಾಗುತ್ತದೆ.

19ನೆಯ ಶತಮಾನದ ಅತಿಥಿಗಳು ಬೇರೆ ಬಗೆಯವರು. ಇವರು ನೋಡಲು ಮಾತ್ರವಲ್ಲ, ತಿದ್ದಲು ಬಂದರು. ಉತ್ತರದ ಅಪೊಸ್ತಲನೆಂದು ಖ್ಯಾತನಾದ ಪಾದ್ರಿ ಜಾನ್ ಮ್ಯಾಕ್‌ಡೊನಾಲ್ಡ್ 1822ರಿಂದ ಹಲವು ಸಲ ಬಂದು ಉಪದೇಶ ಮಾಡಿದನು. 1820ರ ದಶಕದ ಕೊನೆಗೆ ಚರ್ಚು ಮತ್ತು ಪಾದ್ರಿಯ ಮನೆ ಕಟ್ಟಲಾಯಿತು. 1830ರಲ್ಲಿ ನೀಲ್ ಮೆಕೆಂಜಿ ಎಂಬ ಪಾದ್ರಿ ಕುಟುಂಬ ಸಮೇತ ನೆಲೆಸಿದನು. ಅಲ್ಲಿಯವರೆಗೆ ಊರು ಗುಂಪುಗುಂಪಾಗಿದ್ದ ಗುಡಿಸಲುಗಳ ಊರು. ಸರ್ ಥಾಮಸ್ ಡೈಕ್ ಆಕ್ಲಂಡ್ ಎಂಬ ಶ್ರೀಮಂತ ಪ್ರವಾಸಿ 1834ರಲ್ಲಿ ಬಂದಾಗ ಹೊಸ ಮನೆಗಳಿಗೆ ಉತ್ತೇಜನವಾಗಿ 20 ಗಿನಿ ಹಣ ಬಿಟ್ಟುಹೋದನು. ಮೆಕೆಂಜಿಯ ಮುಂದಾಳುತನದಲ್ಲಿ ಜಮೀನು ಪಟ್ಟಿಗಳಾಗಿ ಹಂಚಲ್ಪಟ್ಟು, ಕೊಲ್ಲಿಯನ್ನು ಸುತ್ತುವರಿದ ಬಿಲ್ಲಿನಾಕಾರದ ಒಂದು ಬೀದಿಯುದ್ದಕ್ಕೂ ಕಪ್ಪುಮನೆಗಳು ಎದ್ದವು. ಕಪ್ಪುಮನೆಯೆಂದರೆ ಎರಡು ಪದರದ ದಪ್ಪ ಕಲ್ಲುಗೋಡೆ, ಹುಲ್ಲುಸೂರು, ಒಂದೇ ಸೂರಿನಡಿ ಒಂದು ತುದಿಯಲ್ಲಿ ಮನುಷ್ಯರು, ಇನ್ನೊಂದು ತುದಿಯಲ್ಲಿ ದನಗಳು ಇರುವ ಹೆಬ್ರಿಡೀಸ್‌ನ ಸಾಂಪ್ರದಾಯಿಕ ವಾಸ. 1860ರ ಬಿರುಗಾಳಿ ಇವುಗಳಿಗೆ ಹಾನಿ ಮಾಡಿದ ಮೇಲೆ, ಒಡೆಯ ಹದಿನಾರು ಹೊಸ ಮನೆಗಳನ್ನು ಕಟ್ಟಿಸಿದನು: ಗಾರೆಯ ಗೋಡೆ, ಗಾಜಿನ ಕಿಟಕಿ, ಸತುವಿನ ತಗಡಿನ ಛಾವಣಿ. ಹೊರಗಿನವರಿಗೆ ಇವು ಪ್ರಗತಿಯಾಗಿ ಕಂಡವು. ಆದರೆ ತಗಡು ಗಾಳಿಗೆ ಹಾರುತ್ತಿತ್ತು, ತೆಳುಗೋಡೆ ಚಳಿಯನ್ನು ಒಳಬಿಡುತ್ತಿತ್ತು. ಹಳೆಯ ಕಪ್ಪುಮನೆಗಳು ಪಕ್ಕದಲ್ಲೇ ದನದ ಕೊಟ್ಟಿಗೆಗಳಾಗಿ ಉಳಿದವು, ಮತ್ತು ಚಳಿಗಾಲದಲ್ಲಿ ಮನುಷ್ಯರಿಗಿಂತ ದನಗಳೇ ಬೆಚ್ಚಗಿದ್ದವೆಂದು ಹೇಳಿದರೆ ಅತಿಶಯವಾಗಲಾರದು.

ಈ ನಡುವೆ 1852ರಲ್ಲಿ 36 ಮಂದಿ, ಎಂದರೆ ಊರಿನ ಮೂರನೆಯ ಒಂದು ಭಾಗ, ಆಸ್ಟ್ರೇಲಿಯಾಕ್ಕೆ ವಲಸೆ ಹೊರಟರು. ಅವರಲ್ಲಿ ಹಲವರು ದಡಾರದಂಥ ರೋಗಗಳಿಗೆ ತುತ್ತಾಗಿ ಹೊಸ ನೆಲ ಕಾಣದೆಯೇ ಸತ್ತರು. ಊರಿನಲ್ಲಿ ಉಳಿದವರನ್ನು ಕಾಡಿದ್ದು ಎಳೆಗೂಸುಗಳ ಧನುರ್ವಾಯು. ಹುಟ್ಟಿದ ಒಂದು ವಾರದಲ್ಲಿ ಮಗುವಿನ ದವಡೆ ಬಿಗಿದು ಹಾಲು ಕುಡಿಯಲಾಗದೆ ಸಾಯುತ್ತಿದ್ದುದರಿಂದ ಇದಕ್ಕೆ ಎಂಟುದಿನದ ರೋಗವೆಂದು ಹೆಸರಾಗಿತ್ತು. ಆ ಶತಮಾನದ ಹಲವು ದಶಕಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಹೋದವು. ಸೂಲಗಿತ್ತಿಯರು ಹೊಕ್ಕುಳಿಗೆ ಫುಲ್ಮರ್ ಎಣ್ಣೆ ಹಚ್ಚುತ್ತಿದ್ದುದೇ ಕಾರಣವೆಂಬ ಜನಪ್ರಿಯ ವಿವರಣೆ ಊಹೆಯಷ್ಟೇ, ಆದರೂ ಕೊಳೆಯಿಂದ ಹೊಕ್ಕುಳಿನ ಮೂಲಕ ಸೋಂಕು ತಗುಲುತ್ತಿತ್ತು ಎಂಬುದು ನಿಜ. 1890ರ ದಶಕದಲ್ಲಿ ಅಲ್ಲಿದ್ದ ಪಾದ್ರಿ ಆಂಗಸ್ ಫಿಡ್ಸ್ ಮುಖ್ಯಭೂಮಿಗೆ ಹೋಗಿ ಹೆರಿಗೆಯ ಶುದ್ಧ ಕ್ರಮವನ್ನು ಕಲಿತು ಬಂದು, ಸೂಲಗಿತ್ತಿಯರ ಹಿಂಜರಿಕೆಯ ನಡುವೆಯೂ ಅದನ್ನು ಜಾರಿಗೆ ತಂದ ಮೇಲೆ ರೋಗ ನಿಂತಿತು. ಹೊರಗಿನಿಂದ ಬಂದದ್ದೆಲ್ಲ ಕೇಡೇ ಎಂದು ಬರೆಯುವ ಭಾವುಕ ಇತಿಹಾಸಕಾರರು ಈ ಒಂದು ಸಂಗತಿಯ ಮುಂದೆ ತುಸು ನಿಲ್ಲಬೇಕಾಗುತ್ತದೆ.

1834ರಲ್ಲಿ ಗ್ಲೆನ್ ಆಲ್ಬಿನ್ ಎಂಬ ಹಬೆಹಡಗು ಪ್ರವಾಸಿಗರನ್ನು ಹೊತ್ತು ಬಂದಿತ್ತು. ಆದರೆ ಊರಿನ ಬದುಕನ್ನು ಬದಲಿಸಿದ್ದು ಡುನಾರಾ ಕ್ಯಾಸಲ್ ಎಂಬ ಹಡಗು 1877ರಿಂದ ಆರಂಭಿಸಿದ ಬೇಸಿಗೆಯ ಪ್ರವಾಸಗಳು ಮತ್ತು 1898ರಿಂದ ಅದರೊಡನೆ ಪೈಪೋಟಿಗೆ ಇಳಿದ ಹೆಬ್ರಿಡೀಸ್ ಎಂಬ ಇನ್ನೊಂದು ಹಡಗು. ಗ್ಲಾಸ್ಗೋದಿಂದ ಹೊರಟು ದ್ವೀಪಗಳನ್ನೆಲ್ಲ ಸುತ್ತಿಕೊಂಡು ಬರುತ್ತಿದ್ದ ಈ ಹಡಗುಗಳು ಊರಕೊಲ್ಲಿಯಲ್ಲಿ ಲಂಗರು ಹಾಕಿ, ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ದಡಕ್ಕಿಳಿಸಿ, ಕೆಲವು ಗಂಟೆಗಳ ನಂತರ ಸೀಟಿ ಊದಿ ಕರೆಯುತ್ತಿದ್ದವು. ಆ ಹೊತ್ತಿಗೆ ಗೇಣಿಯ ಮುಖ್ಯ ಸರಕುಗಳಾಗಿದ್ದ ಹಕ್ಕಿಯೆಣ್ಣೆ ಮತ್ತು ಗರಿಗಳಿಗೆ ಹೊರಗೆ ಬೆಲೆ ಕುಸಿಯುತ್ತಿತ್ತು, ಏಕೆಂದರೆ ಖನಿಜ ತೈಲ ಎಲ್ಲೆಡೆ ಅಗ್ಗವಾಗಿ ದೊರೆಯತೊಡಗಿತ್ತು. ಆ ಜಾಗವನ್ನು ತುಂಬಿದ್ದು ಪ್ರವಾಸಿಗರ ಜೇಬು. ಹೆಂಗಸರು ನೂತ ನೂಲಿನಿಂದ ಗಂಡಸರು ಚಳಿಗಾಲದ ಮಗ್ಗಗಳಲ್ಲಿ ನೇಯುತ್ತಿದ್ದ ಟ್ವೀಡ್ ಎಂಬ ದಪ್ಪ ಉಣ್ಣೆಬಟ್ಟೆ, ಹೆಣೆದ ಕೈಗವಸು ಕಾಲುಚೀಲಗಳು, ಒಳಗಿನ ತಿರುಳು ಊದಿ ತೆಗೆದ ಹಕ್ಕಿಮೊಟ್ಟೆಗಳು ಬೀದಿಯಲ್ಲಿ ಮಾರಾಟಕ್ಕೆ ನಿಂತವು. ಬಂಡೆಯ ಮೇಲೆ ಹಗ್ಗದಲ್ಲಿ ಇಳಿದು ತೋರಿಸಲು, ಛಾಯಾಚಿತ್ರಕ್ಕೆ ನಿಲ್ಲಲು ಸಹ ದರ ನಿಗದಿಯಾಯಿತು. ನಾಣ್ಯವನ್ನೇ ಬಳಸದಿದ್ದ ಊರು ಎರಡು ತಲೆಮಾರಿನಲ್ಲಿ ನಾಣ್ಯಕ್ಕೆ ಒಗ್ಗಿಕೊಂಡಿತು.

ಇದನ್ನು ಕಂಡು ಕೊರಗಿದವರು ಅದೇ ಪ್ರವಾಸಿಗರು. ಹಿಂದಿನ ಲೇಖಕರ ಪುಸ್ತಕಗಳಲ್ಲಿ ಹಣವನ್ನರಿಯದ, ಕಳ್ಳತನವನ್ನರಿಯದ, ಕಾನೂನೇ ಬೇಡವಾದ ಸ್ವರ್ಗವನ್ನು ಓದಿ ಬಂದವರಿಗೆ, ಒಂದು ಜೊತೆ ಕೈಗವಸಿಗೆ ಚೌಕಾಸಿ ಮಾಡುವ ಹೆಂಗಸು ದೊಡ್ಡ ಆಶಾಭಂಗವಾಗಿ ಕಂಡಳು. ಅವರು ಮನೆಗೆ ಮರಳಿ, ದ್ವೀಪದವರು ದುರಾಸೆಯವರಾಗಿದ್ದಾರೆ, ಭಿಕ್ಷುಕರಾಗಿದ್ದಾರೆ ಎಂದು ಪತ್ರಿಕೆಗಳಿಗೆ ಬರೆದರು. ಟಿಕೆಟ್ಟು ಕೊಂಡು ಜನರನ್ನು ನೋಡಲು ಬಂದವರು, ನೋಡಿಸಿಕೊಂಡವರು ಹಣ ಕೇಳಿದಾಗ ನೊಂದುಕೊಂಡದ್ದು ಆ ಕಾಲದ ಬರಹಗಳಲ್ಲಿ ಅರಿವಿಲ್ಲದೆ ಉಳಿದ ವ್ಯಂಗ್ಯ. ಅವರಿಗೆ ತೀರ ಮೆಚ್ಚಿಕೆಯಾದದ್ದು ಸೇಂಟ್ ಕಿಲ್ಡಾ ಪಾರ್ಲಿಮೆಂಟ್. ಬೆಳಗ್ಗೆ ಊರಿನ ಗಂಡಸರೆಲ್ಲ ಬೀದಿಯಲ್ಲಿ ಸೇರಿ ಅಂದಿನ ಕೆಲಸವನ್ನು ನಿರ್ಧರಿಸುತ್ತಿದ್ದರು: ಯಾವ ಬಂಡೆಗೆ ಹೋಗುವುದು, ಯಾರ ಹಗ್ಗ, ಹಿಡಿದ ಹಕ್ಕಿಯಲ್ಲಿ ವಿಧವೆಯರಿಗೆ, ವೃದ್ಧರಿಗೆ ಎಷ್ಟು ಪಾಲು. ಅಧ್ಯಕ್ಷನಿಲ್ಲ, ನಿಯಮಾವಳಿಯಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡುವುದೂ ಉಂಟು. ಹೊರಗಿನವರು ಈ ಪಂಚಾಯಿತಿಗೆ ತಮಾಷೆಯಾಗಿ ಇಟ್ಟ ಹೆಸರನ್ನು 1886ರ ಒಂದು ಛಾಯಾಚಿತ್ರ ಶಾಶ್ವತಗೊಳಿಸಿತು: ಬೀದಿಯ ಎರಡು ಬದಿಯಲ್ಲೂ ಗಡ್ಡದ ಗಂಡಸರು ಸಾಲಾಗಿ, ಕ್ಯಾಮೆರಾದ ಕಡೆಗೆ ಮುಖಮಾಡಿ, ಚರ್ಚಿಸುತ್ತಿರುವಂತೆ ನಿಂತಿದ್ದಾರೆ. 1896ರಲ್ಲಿ ಬಂದ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಸೋದರರು ಮಾತ್ರ ಹಕ್ಕಿಗಳ ಹುಡುಕಾಟದಲ್ಲಿದ್ದುದರಿಂದ, ಬಂಡೆಯಿಳಿಯುವವರ ಕೌಶಲವನ್ನು ಅದು ಇದ್ದ ಹಾಗೆ ಚಿತ್ರಿಸಿದರು.

ಜಾನ್ ಸ್ಯಾಂಡ್ಸ್ ಎಂಬ ಪತ್ರಕರ್ತನ ವಾಸ ಬೇರೆ ಕಾರಣಕ್ಕೆ ಗಮನಾರ್ಹ. 1876ರಲ್ಲಿ ಎರಡನೆಯ ಸಲ ಬಂದ ಆತ ಹವಾಮಾನ ಕೆಟ್ಟು ಚಳಿಗಾಲವಿಡೀ ಅಲ್ಲೇ ಸಿಕ್ಕಿಬಿದ್ದನು. 1877ರ ಜನವರಿಯಲ್ಲಿ ಆಸ್ಟ್ರಿಯಾದ ಹಡಗೊಂದು ಒಡೆದು ಒಂಬತ್ತು ನಾವಿಕರು ದಡ ಸೇರಿದಾಗ, ಅವರಿಗೂ ಅನ್ನ ಹಾಕಬೇಕಾಗಿ ಬಂದು ಊರಿನ ಬಿತ್ತನೆಯ ಕಾಳು ಕೂಡ ಕರಗತೊಡಗಿತು. ಸ್ಯಾಂಡ್ಸ್ ಆ ಹಡಗಿನ ಜೀವರಕ್ಷಕ ಬಳೆಗೆ ಪತ್ರವಿದ್ದ ಬಾಟಲಿಯನ್ನು ಕಟ್ಟಿ ಕಡಲಿಗೆ ಬಿಟ್ಟನು. ಅದು ಒಂಬತ್ತು ದಿನಗಳಲ್ಲಿ ಆರ್ಕ್ನಿ ದ್ವೀಪಗಳ ದಡ ಸೇರಿ, ಫೆಬ್ರುವರಿಯಲ್ಲಿ ನೌಕಾಪಡೆಯ ಜಾಕಲ್ ಎಂಬ ಹಡಗು ನೆರವಿಗೆ ಬಂತು. ಈ ಉಪಾಯವನ್ನು ದ್ವೀಪದವರು ತಮ್ಮದಾಗಿಸಿಕೊಂಡು, ದೋಣಿಯಾಕಾರದ ಮರದ ತುಂಡಿನಲ್ಲಿ ಪತ್ರವಿರಿಸಿ, ತೇಲಲು ಕುರಿಯ ಮೂತ್ರಕೋಶವನ್ನು ಊದಿ ಕಟ್ಟಿ, ವಾಯವ್ಯದ ಗಾಳಿ ನೋಡಿ ಬಿಡುವ ಕಡಲ ಅಂಚೆಯನ್ನು ರೂಪಿಸಿದರು. ಅವು ಸ್ಕಾಟ್ಲೆಂಡಿನ ದಡ ಸೇರುತ್ತಿದ್ದವು, ಕೆಲವು ನಾರ್ವೆಗೂ ಹೋದವು. ಊರಿನ ಹಸಿವು ಪತ್ರಿಕೆಗಳ ಸುದ್ದಿಯಾಗುವುದಕ್ಕೂ, ಸುದ್ದಿಯಾದೊಡನೆ ದಾನದ ಮೂಟೆಗಳು ಬರುವುದಕ್ಕೂ ಹೀಗೆ ದಾರಿಯಾಯಿತು. 1912ರಲ್ಲಿ ಆಹಾರ ತೀರಿದಾಗ ಹಡಗು ಕಳುಹಿಸುವಂತೆ ಗದ್ದಲವೆಬ್ಬಿಸಿದ್ದು ಪತ್ರಿಕೆಗಳೇ. 1913ರಲ್ಲಿ ನಿಸ್ತಂತು ಕೇಂದ್ರವೂ ಬಂತು. ಬೇಸಿಗೆಯಲ್ಲಿ ಹೊರಗಿನವರಿಗೆ ಮಾರಿ, ಚಳಿಗಾಲದಲ್ಲಿ ಹೊರಗಿನವರನ್ನು ಕರೆದು ಬದುಕುವ ಕ್ರಮ ಗಟ್ಟಿಯಾದಂತೆ, ಬೋರೆರೆಗೂ ಸ್ಟಾಕ್‌ಗಳಿಗೂ ದೋಣಿ ನಡೆಸುವ ಹಳೆಯ ಕಸುಬು ಸಡಿಲವಾಯಿತು.

ಮೊದಲ ಮಹಾಯುದ್ಧ ನೌಕಾಪಡೆಯ ತುಕಡಿಯನ್ನು ತಂದಿತು. ವರ್ಷವಿಡೀ ಬರುವ ಅಂಚೆ, ಆಹಾರ, ಕೂಲಿಯ ಕೆಲಸ ಹೇಗಿರುತ್ತವೆಂದು ಊರಿನ ಯುವಕರು ಅಲ್ಲಿಯೇ ಕುಳಿತು ಕಂಡರು. 1918ರ ಮೇ 15ರಂದು ಜರ್ಮನ್ ಜಲಾಂತರ್ಗಾಮಿಯೊಂದು ಕೊಲ್ಲಿಗೆ ಬಂದು, ಜನರನ್ನು ಮೊದಲು ಎಚ್ಚರಿಸಿ, ನಿಸ್ತಂತು ಕೇಂದ್ರದ ಮೇಲೆ 72 ಗುಂಡುಗಳನ್ನು ಹಾರಿಸಿತು. ಸತ್ತದ್ದು ಒಂದು ಕುರಿಮರಿ. ಯುದ್ಧ ಮುಗಿದು ತುಕಡಿ ಹೊರಟಾಗ ಉಳಿದ ಶೂನ್ಯ ಗುಂಡುಗಳಿಗಿಂತ ಹೆಚ್ಚು ಹಾನಿ ಮಾಡಿತು. 1921ರಲ್ಲಿ 73 ಇದ್ದ ಜನಸಂಖ್ಯೆ 1928ಕ್ಕೆ 37ಕ್ಕೆ ಇಳಿಯಿತು. ಹೋದವರು ಹರೆಯದವರು, ಉಳಿದವರಲ್ಲಿ ಹಗ್ಗ ಹಿಡಿಯುವ, ಹುಟ್ಟು ಹಾಕುವ ಕೈಗಳು ಸಾಲದಾದವು. ಈ ದೂರದ ನೆಲ ಬದುಕಲು ಆಗದಷ್ಟು ದೂರವಾಗಿತ್ತೆಂಬುದು ರೂಢಿಯ ವಿವರಣೆ. ಆದರೆ ಆ ದೂರವನ್ನು ಶತಮಾನಗಳ ಕಾಲ ತಾಳಿಕೊಂಡ ಜನ ಅದನ್ನು ತಾಳಲಾರದಾದದ್ದು ಹಡಗುಗಳು ಹತ್ತಿರವಾದ ಮೇಲೆ. ಅಳೆಯಲು ಇನ್ನೊಂದು ಬದುಕು ಕಣ್ಣೆದುರಿಗಿದ್ದಾಗಲೇ ದೂರ ದೂರವೆನಿಸುವುದು.

1930ರ ಜನವರಿಯಲ್ಲಿ ತರುಣಿಯೊಬ್ಬಳು ಕಾಯಿಲೆ ಬಿದ್ದದ್ದು ಊರಿನ ಮನಸ್ಸನ್ನು ಒಂದು ಕಡೆಗೆ ತಿರುಗಿಸಿತು; ಆಕೆ ಮುಂದೆ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಊರಿನಲ್ಲಿದ್ದ ದಾದಿ ವಿಲಿಯಮಿನಾ ಬಾರ್ಕ್ಲೆ ಮತ್ತು ಮಿಷನರಿ ಡೂಗಲ್ಡ್ ಮನ್ರೋ ಜನರೊಡನೆ ಮಾತಾಡಿದರು. ಮೇ 10ರಂದು 20 ಮಂದಿ ಸಹಿ ಹಾಕಿದ ಅರ್ಜಿ ಸ್ಕಾಟ್ಲೆಂಡಿನ ಮಂತ್ರಿಗೆ ಹೋಯಿತು. ತಮ್ಮನ್ನು ಒಂದೇ ಕಡೆ ಪ್ರತ್ಯೇಕ ಸಮುದಾಯವಾಗಿ ನೆಲೆಗೊಳಿಸಬೇಕೆಂದು ಅವರು ಕೇಳಲಿಲ್ಲ ಎಂಬುದು ಆ ಅರ್ಜಿಯಲ್ಲಿ ಎದ್ದುಕಾಣುವ ಅಂಶ. ಆಗಸ್ಟ್ ಕೊನೆಯ ವಾರ ಡುನಾರಾ ಕ್ಯಾಸಲ್ ಹಡಗು ಕುರಿ ದನಗಳನ್ನು ಒಯ್ಯಲು ಬಂದಾಗ, ಅದರಲ್ಲಿ ಕೊನೆಯ ಪ್ರವಾಸಿಗರೂ ಇದ್ದರು, ನೆನಪಿನ ವಸ್ತುಗಳಿಗಾಗಿ ಮನೆಗಳ ಮುಂದೆ ನಿಂತರು. ದ್ವೀಪದ ಅಂಚೆಮುದ್ರೆಗಾಗಿ ಬಂದ ಪತ್ರಗಳ ರಾಶಿಯಲ್ಲಿ ಅಂಚೆಯವನು ಮುಳುಗಿದ್ದನು. ನಾಯಿಗಳನ್ನು ಕಲ್ಲು ಕಟ್ಟಿ ಕೊಲ್ಲಿಯಲ್ಲಿ ಮುಳುಗಿಸಿದರು. ಆಗಸ್ಟ್ 29ರ ಬೆಳಗ್ಗೆ ಮನೆಗಳಲ್ಲಿ ತೆರೆದ ಬೈಬಲ್ಲನ್ನೂ ಒಂದು ಹಿಡಿ ಓಟ್ಸನ್ನೂ ಇರಿಸಿ, ಬಾಗಿಲು ಹಾಕಿ, 36 ಮಂದಿ ನೌಕಾಪಡೆಯ ಹೇರ್‌ಬೆಲ್ ಹಡಗು ಹತ್ತಿದರು. ಈ ನಿರ್ಗಮನವನ್ನು ತಮಾಷೆಯಾಗಲು ಬಿಡಬಾರದೆಂದು ಸರ್ಕಾರ ಅಂದು ಪತ್ರಕರ್ತರನ್ನು ದೂರವಿಟ್ಟಿತ್ತು. ದ್ವೀಪದವರಲ್ಲಿ ಹೆಚ್ಚಿನವರನ್ನು ಇಳಿಸಿದ್ದು ಮಾರ್ವರ್ನ್ ಪ್ರಾಂತದ ಲೋಹಾಲಿನ್ ಎಂಬಲ್ಲಿ. ಮರವೇ ಇಲ್ಲದ ದ್ವೀಪದಿಂದ ಬಂದ ಗಂಡಸರಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ ಕೊಡಲಾಯಿತು.

1931ರಲ್ಲಿ ದ್ವೀಪವನ್ನು ಕೊಂಡ ಲಾರ್ಡ್ ಡಂಫ್ರೀಸ್ ಹಕ್ಕಿಗಳ ಆಸಕ್ತ. ಮರುವರ್ಷ ಸೋಯ್ ದ್ವೀಪದ 107 ಪುರಾತನ ತಳಿಯ ಕುರಿಗಳನ್ನು ಹಿರ್ತಾಕ್ಕೆ ಸಾಗಿಸಲಾಯಿತು. ಅವುಗಳ ಸಂತತಿಯೇ ಇಂದು ಬೀದಿಯಲ್ಲಿ ಮೇಯುತ್ತದೆ, ಜೀವವಿಜ್ಞಾನಿಗಳ ದೀರ್ಘ ಅಧ್ಯಯನಕ್ಕೆ ವಸ್ತುವಾಗಿದೆ. ಡಂಫ್ರೀಸ್ ತನ್ನ ಉಯಿಲಿನಲ್ಲಿ ದ್ವೀಪವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ನ್ಯಾಸಕ್ಕೆ ಬಿಟ್ಟನು, 1957ರಲ್ಲಿ ಕ್ಷಿಪಣಿಗಳ ಹಾದಿ ಗಮನಿಸುವ ಸೇನಾನೆಲೆ ಬಂತು, ಯುನೆಸ್ಕೊ 1986ರಲ್ಲಿ ನಿಸರ್ಗಕ್ಕಾಗಿಯೂ 2005ರಲ್ಲಿ ಸಂಸ್ಕೃತಿಗಾಗಿಯೂ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಎಂಟು ವರ್ಷದ ಹುಡುಗಿಯಾಗಿ ಹೇರ್‌ಬೆಲ್ ಹತ್ತಿದ್ದ ರೇಚಲ್ ಜಾನ್ಸನ್ 2016ರಲ್ಲಿ ತೀರಿಕೊಂಡಾಗ ದ್ವೀಪದಲ್ಲಿ ಹುಟ್ಟಿ ಅಲ್ಲಿಂದ ಹೊರಬಂದವರ ಸಾಲು ಮುಗಿಯಿತು. ಆದರೆ 1930ರ ದಶಕದ ಬೇಸಿಗೆಗಳಲ್ಲಿ, ಹಡಗುಗಳು ಇನ್ನೂ ಪ್ರವಾಸಿಗರನ್ನು ಕರೆತರುತ್ತಿದ್ದಾಗ, ಕೆಲವು ಹಳೆಯ ನಿವಾಸಿಗಳು ಹೊಸ ಒಡೆಯನ ಅನುಮತಿಯಿಂದ ಕೆಲವು ವಾರಗಳಿಗೆಂದು ಮರಳಿ ಬರುತ್ತಿದ್ದರು. ತಮ್ಮವೇ ಆಗಿದ್ದ ಮನೆಗಳ ಬಾಗಿಲು ತೆರೆದು, ದೋಣಿಗಳಿಂದ ಇಳಿಯುವವರಿಗೆ ಟ್ವೀಡ್ ಮಾರಿ, ಬೇಸಿಗೆ ಮುಗಿದೊಡನೆ ಅವರಂತೆಯೇ ಹಡಗು ಹತ್ತಿ ಹೋಗುತ್ತಿದ್ದರು.